ಗೋಪ್ಯತೆಯೇ ಆದ್ಯತೆಯಂತೆ!

ಮೊನ್ನೆ ಅಪ್‌ಡೇಟ್ ಮುಗಿಸಿದ ನನ್ನ ಫೋನು “ನಿಮ್ಮ ಗೋಪ್ಯತೆಯೇ ನಮ್ಮ ಆದ್ಯತೆ” ಎಂದು ಘೋಷಿಸಿದ ಮರುಕ್ಷಣವೇ, ಕಂಪನಿಯೇ ತುಂಬಿಸಿ ಕೊಟ್ಟ, ಅಳಿಸಲೂ ಬಾರದ ಕ್ಯಾಲ್ಕುಲೇಟರ್ ನಾನಿರುವ ಸ್ಥಳ ತಿಳಿಯಲು ಅನುಮತಿ ಕೇಳಿತು. ಎರಡಕ್ಕೆ ಎರಡು ಕೂಡಿಸಿದರೆ ಮಲ್ಲೇಶ್ವರದಲ್ಲೊಂದು, ಮಂಡ್ಯದಲ್ಲೊಂದು ಉತ್ತರ ಬರುತ್ತದೆಯೇ?

ಐಫೋನಿನಲ್ಲಿ ನಡೆದದ್ದು ಐಫೋನಿನಲ್ಲೇ ಉಳಿಯುತ್ತದೆಂದು 2019ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಬೃಹತ್ ಫಲಕ ಹಾಕಿಸಿದ್ದ ಆಪಲ್, ತನ್ನ ಧ್ವನಿ ಸಹಾಯಕ ‘ಸಿರಿ’ಯೊಂದಿಗೆ ಬಳಕೆದಾರರು ಆಡಿದ ಮಾತಿನ ಧ್ವನಿಮುದ್ರಣಗಳಿಗೆ ಗುತ್ತಿಗೆ ನೌಕರರು ಕಿವಿಗೊಡುತ್ತಿದ್ದುದು ಬಯಲಾದಾಗ, ಅದೇ ಆಗಸ್ಟಿನಲ್ಲಿ ಕ್ಷಮೆ ಯಾಚಿಸಿತು. ಸ್ಥಳದ ದಾಖಲೆ ನಿಲ್ಲಿಸಿದವರ ಜಾಡನ್ನೂ ಹಿಡಿದ ಆರೋಪಕ್ಕೆ ಗೂಗಲ್ 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಡಲು ಒಪ್ಪಿ ಕೈತೊಳೆದುಕೊಂಡಿತು. ಇಷ್ಟಾದರೂ, ವಕೀಲರೇ ಓದಲು ಹಿಂಜರಿಯುವ ನಿಬಂಧನೆಗಳ ಕೆಳಗೆ ನಮಗಿರುವುದು “ಒಪ್ಪುತ್ತೇನೆ” ಎಂಬ ಒಂದೇ ಗುಂಡಿ. ಒಪ್ಪದಿದ್ದರೆ, ಕಂತು ಕಟ್ಟುತ್ತಿರುವ ಫೋನನ್ನು ಶೋಕೇಸಿನಲ್ಲಿಟ್ಟು ನೋಡಬೇಕೇನು?