ಅಡುಗೆಮನೆ ಗೋಡೆಗೆ ಆಯಿಲ್ ಪೇಂಟೇ ಆಗಬೇಕೆಂದಿಲ್ಲ

ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. ಅಡುಗೆಮನೆ ಗೋಡೆಗೆ ಆಯಿಲ್ ಪೇಂಟ್ ಬಿಟ್ಟರೆ ಬೇರೆ ಯಾವುದೂ ನಿಲ್ಲುವುದಿಲ್ಲ, ಹಳೇ ಜಿಡ್ಡಿನ ಮೇಲೇ ಎರಡು ಕೋಟ್ ಹೊಡೆದರೂ ನಡೆಯುತ್ತದೆ ಅಂತ. ಎರಡೂ ತಪ್ಪು.

ಆಯಿಲ್ ಪೇಂಟ್ ಒರೆಸಲು ಸುಲಭ, ಅದು ನಿಜ. ಆದರೆ ಬೆಳಕು ಕಡಿಮೆ ಇರುವ ಅಡುಗೆಮನೆಯಲ್ಲಿ ಬಿಳಿ ಆಯಿಲ್ ಪೇಂಟ್ ಬರಬರುತ್ತಾ ಹಳದಿಯಾಗುತ್ತದೆ, ಹಚ್ಚಿದಾಗ ವಾಸನೆಯೂ ಜಾಸ್ತಿ, ಗೋಡೆಯೊಳಗೆ ತೇವ ಇದ್ದರಂತೂ ಅದು ಹೊರಬರಲು ದಾರಿ ಸಿಗದೆ ಪೇಂಟ್ ಗುಳ್ಳೆ ಎದ್ದು ಕಿತ್ತು ಬರುತ್ತದೆ. ನೀರಿನಲ್ಲಿ ಕಲಸುವ ಒಳ್ಳೆಯ ಅಕ್ರಿಲಿಕ್ ಎಮಲ್ಷನ್ ಸಾಕು, ಆದರೆ ಡಬ್ಬಿಯ ಮೇಲೆ 'ವಾಷಬಲ್' ಅಂತ ಇರಲಿ, ಫಿನಿಶ್ (ಹೊಳಪಿನ ಮಟ್ಟ) ಸ್ಯಾಟಿನ್ ಎಂಬ ಮೆಲು ಹೊಳಪು ಅಥವಾ ಸೆಮಿ ಗ್ಲಾಸ್ ಎಂಬ ಅರೆ ಹೊಳಪು ಇರಲಿ. ಹೊಳಪಿಲ್ಲದ ಮ್ಯಾಟ್ ನೋಡಲು ಚೆಂದ, ಆದರೆ ಎಣ್ಣೆ ಕಲೆ ತಿಕ್ಕಿದ ಜಾಗ ಎದ್ದು ಕಾಣುತ್ತದೆ. ಪೂರ್ತಿ ಹೊಳಪಿನ ಪೇಂಟ್ ಹಚ್ಚಿದರೆ ಗೋಡೆಯ ಉಬ್ಬು ತಗ್ಗೆಲ್ಲ ಬಯಲಾಗುತ್ತದೆ.

ಜಿಡ್ಡಿನ ಮಾತು ಇನ್ನೂ ಮುಖ್ಯ. ದಿನಾ ಒಗ್ಗರಣೆ ಸಿಡಿಯುವ, ರೊಟ್ಟಿ ಹೊಗೆ ತಾಗುವ ಗೋಡೆಗೆ ಜಿಡ್ಡು ತೆಗೆಯದೆ ಯಾವ ಪೇಂಟೂ ಸರಿಯಾಗಿ ಅಂಟುವುದಿಲ್ಲ. ಮೊದಲು ಸೋಪಿನ ನೀರಿನಿಂದ ತಿಕ್ಕಿ ತೊಳೆಯಿರಿ, ಚೆನ್ನಾಗಿ ಒಣಗಿಸಿ, ಹಳೇ ಹೊಳಪಿದ್ದರೆ ಉಪ್ಪು ಕಾಗದ ಹೊಡೆದು, ಪೇಂಟ್ ಹಿಡಿಯಲೆಂದು ಅದರ ಕೆಳಗೆ ಹಚ್ಚುವ ಪ್ರೈಮರ್ ಹಾಕಿ, ಆಮೇಲೆ ಪೇಂಟ್. ಹೊಸ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಕಾಯಿರಿ, ನಮ್ಮ ಬಿಸಿಲಿಗೆ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ.

ಒಲೆಯ ಹಿಂದಿನ ಜಾಗಕ್ಕೆ ಮಾತ್ರ ಪೇಂಟ್ ನಂಬಬೇಡಿ. ಅಲ್ಲಿಗೆ ಟೈಲ್ಸ್ ಹಾಕಿಸಿ.