ಇಲಿಯ ಗುಲ್ಮ ಬೇರೆ, ಮಾವನ ಗುಲ್ಮ ಬೇರೆ

ಗುಲ್ಮ (ಸ್ಪ್ಲೀನ್) ತೆಗೆದ ಇಲಿಗಳಲ್ಲಿ ಲಿವರ್ ನಾರುಗಟ್ಟುವುದು ಕಡಿಮೆಯಾಯಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿ. ಗುಲ್ಮದ ರಕ್ತ ಪೋರ್ಟಲ್ ರಕ್ತನಾಳ ಹಿಡಿದು ನೇರ ಲಿವರ್‌ಗೇ ಹೋಗುತ್ತದೆ, ಅದರ ಜೊತೆ ಹೋಗುವ ಟಿಜಿಎಫ್-ಬೀಟಾ ಅನ್ನೋ ಪ್ರೋಟೀನು ಅಲ್ಲಿ ನಾರು ತಯಾರಿಸುವ ಸ್ಟೆಲೇಟ್ ಅನ್ನೋ ಕೋಶಗಳನ್ನು ಕೆರಳಿಸಿ ನಾರು ಜಾಸ್ತಿ ಮಾಡಿಸುತ್ತದೆ. ಆದರೆ ಆ ಇಲಿಗಳಿಗೆ ಥಯೋಅಸೆಟಮೈಡ್‌ನಂಥ ವಿಷ ಕೊಟ್ಟು ಕೆಲವೇ ವಾರಗಳಲ್ಲಿ ಲಿವರ್ ಕೆಡಿಸಿರುತ್ತಾರೆ, ನಮ್ಮಲ್ಲಿ ಎಷ್ಟೋ ಜನರ ಲಿವರ್ ವರ್ಷಗಟ್ಟಲೆ ಕುಡಿದು ಕೆಟ್ಟದ್ದು ಅಲ್ವಾ?

ನಮ್ಮ ಮಾವ ಸೋಮವಾರಪೇಟೆ ಕಡೆ ತೋಟದಲ್ಲಿ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರು. ಗುಲ್ಮ ಒಡೆದು ತೆಗೆಯಬೇಕಾಯಿತು. ಗುಲ್ಮ ಇಲ್ಲದವರಿಗೆ ಸೋಂಕಿನ ಭಯ ಜಾಸ್ತಿ; ನ್ಯುಮೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ವಿರುದ್ಧ ಲಸಿಕೆ ಹಾಕಿಸಿದ್ದಾರೆ, ಆದರೂ ಮಳೆಗಾಲದಲ್ಲಿ ಸ್ವಲ್ಪ ಜ್ವರ ಬಂದರೂ ಮಡಿಕೇರಿ ಆಸ್ಪತ್ರೆಗೆ ಓಡುತ್ತೇವೆ. ಸುಮ್ನೆ ತೆಗೆಸೋ ಅಂಗ ಅಲ್ಲ ಅದು. ಲಿವರ್ ಕೆಟ್ಟವರಲ್ಲಿ ಗುಲ್ಮ ತೆಗೆದರೆ ಪೋರ್ಟಲ್ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ, ಅದನ್ನೂ ಎರಡು ಸಾಲು ಬರೆಯಬೇಕಿತ್ತು.