ಮಳೆಯಲ್ಲಿ ಮಾಡು ಹತ್ತುವ ನಮ್ಮ ಅಭ್ಯಾಸ

"ಎರಡೇ ಹೆಂಚು ಜರುಗಿರೋದು ಅಣ್ಣ, ಐದು ನಿಮಿಷದ ಕೆಲಸ." ಜೂನ್ ಬಂತೆಂದರೆ ಸೋಮವಾರಪೇಟೆ ಕಡೆಯ ನಮ್ಮ ಮನೆಯಿಂದ ತಮ್ಮನ ಈ ಮಾತು ಕೇಳುತ್ತದೆ. ಮ್ಯಾಂಚೆಸ್ಟರಿನಲ್ಲಿ ಕೂತ ನನಗೆ ಕೈಕಾಲು ಆಡುವುದಿಲ್ಲ. ಕೊಡಗಿನಲ್ಲಿ ಮಾಡು, ಅಂದರೆ ಮನೆಯ ಛಾವಣಿ, ಸೋರಿದರೆ ಮನೆಯವರೇ ಹತ್ತುತ್ತಾರೆ, ಅದೂ ಮಳೆ ಹನಿಯುತ್ತಿರುವಾಗಲೇ. ಇದು ನಿಲ್ಲಬೇಕು.

ಮ್ಯಾಂಚೆಸ್ಟರಿಗೆ ಮಳೆಯೂರು ಎಂದೇ ಹೆಸರು. ಆದರೂ ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 850 ಮಿ.ಮೀ. ಮಡಿಕೇರಿಯ ಸರಾಸರಿ 3,000 ಮಿ.ಮೀ. ದಾಟುತ್ತದೆ. ಇಲ್ಲಿ ಮಾಡಿಗೆ ಹೊದಿಸಿದ ಸ್ಲೇಟ್ ಕಲ್ಲು ಒಂದು ಒಡೆದರೂ ಕೆಲಸದವರು ಮೊದಲು ಸಾರುವೆ ಕಟ್ಟುತ್ತಾರೆ, ಇಲ್ಲವೇ ಮಾಡಿನ ನೆತ್ತಿಗೆ ಕೊಕ್ಕೆ ಸಿಕ್ಕಿಸುವ ಏಣಿ ಹಾಕುತ್ತಾರೆ. ಎತ್ತರದ ಕೆಲಸಕ್ಕೆಂದೇ 2005ರ ನಿಯಮಾವಳಿ ಇದೆ. ಅದು ಕೂಲಿ, ಗುತ್ತಿಗೆ ಕೆಲಸಕ್ಕೆ ಅನ್ವಯಿಸುತ್ತದೆ; ತನ್ನ ಮನೆಯ ಮಾಡನ್ನು ತಾನೇ ಹತ್ತುವವನನ್ನು ಯಾರೂ ತಡೆಯುವುದಿಲ್ಲ. ಖರ್ಚು ವಿಪರೀತವಾದ್ದರಿಂದ ಇಲ್ಲೂ ಹಾಗೆ ಹತ್ತಿ ಬೀಳುವವರಿದ್ದಾರೆ. ಎರಡು ಹೆಂಚಿಗಾಗಿ ನಮ್ಮೂರಿನಲ್ಲಿ ಸಾರುವೆ ಕಟ್ಟಿ ಎಂದು ನಾನು ಹೇಳಲಾರೆ. ಆದರೆ ಮಾಡು ಒಣಗುವವರೆಗೆ ಕಾಯುವುದಕ್ಕೆ ಖರ್ಚಿಲ್ಲ.

ಮಂಗಳೂರು ಹೆಂಚು ಪಾಚಿ ಹಿಡಿದು ನೆನೆದರೆ ಕಾಲು ನಿಲ್ಲುವುದಿಲ್ಲ. ಒಳಗೆ ಹೆಂಚು ಹೊತ್ತ ಮರದ ರೀಪು ಲಡ್ಡಾಗಿದ್ದರೆ ಮೇಲಿನಿಂದ ಗೊತ್ತೇ ಆಗುವುದಿಲ್ಲ. ಸೀಲಿಂಗ್ ಇಲ್ಲದ ಮನೆಯಲ್ಲಿ ಗಟ್ಟಿ ಅಟ್ಟದ ಮೇಲೆ ನಿಂತು, ಒಳಗಿನಿಂದಲೇ ಮೇಲಿನ ಹೆಂಚು ಸ್ವಲ್ಪ ಎತ್ತಿ ಒಡೆದದ್ದನ್ನು ಜಾರಿಸಿ ತೆಗೆಯಬಹುದು. ಹಳಬರಿಗೆ ಇದು ಗೊತ್ತಿತ್ತು.

ನನಗೆ ಹೆಂಚಿಗಿಂತ ಹೆಚ್ಚು ಭಯ ಸಿಮೆಂಟ್ ಶೀಟಿನದು. ತೋಟದ ಕಾರ್ಮಿಕರ ಲೈನ್ ಮನೆ, ಗೋಡೌನ್, ದನದ ಕೊಟ್ಟಿಗೆ, ಎಲ್ಲೆಡೆ ಅದೇ. ನೋಡಲು ಬಂಡೆಯಂತಿರುತ್ತದೆ, ಹಳತಾದಷ್ಟೂ ಪೆಡಸಾಗಿ ಕಾಲಿಟ್ಟ ಕ್ಷಣಕ್ಕೆ ಒಡೆಯುತ್ತದೆ. ಜಾರುವವನಿಗೆ ಏನಾದರೂ ಹಿಡಿಯಲು ಒಂದು ಗಳಿಗೆ ಸಿಕ್ಕೀತು. ಶೀಟು ಒಡೆದರೆ ಅದೂ ಇಲ್ಲ, ನೇರವಾಗಿ ಕೆಳಗಿನ ಕಾಂಕ್ರೀಟಿಗೆ. ಬೋಲ್ಟ್ ಸಾಲಿನ ಮೇಲೆ ನಡೆದರೆ ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿದೆ. ಅದು ತಪ್ಪು. ಒಂದು ಹೆಜ್ಜೆ ಓಲಿದರೆ ಮುಗಿಯಿತು. ಬೆಳಕಿಗೆಂದು ನಡುವೆ ಹಾಕಿದ ಪ್ಲಾಸ್ಟಿಕ್ ಶೀಟು ಪಾಚಿ ಕಟ್ಟಿದ ಮೇಲೆ ಗುರುತೇ ಸಿಗುವುದಿಲ್ಲ. ಬ್ರಿಟನ್ನಿನ ಸುರಕ್ಷತಾ ಇಲಾಖೆ ಇಂಥ ಮಾಡನ್ನೆಲ್ಲ, ಗಟ್ಟಿ ಎಂದು ಖಚಿತವಾಗುವವರೆಗೆ, ಒಡೆಯುವ ಮಾಡು ಎಂದೇ ಲೆಕ್ಕ ಹಾಕುತ್ತದೆ. ಜೊತೆಗೆ ಹಳೆಯ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಬ್ರಿಟನ್ 1999ರಲ್ಲೇ ಅದನ್ನು ನಿಷೇಧಿಸಿತು. ಡ್ರಿಲ್ ಹಾಕಿ, ಕತ್ತರಿಸಿ ಅದರ ಧೂಳು ಕುಡಿಯುವುದು ಶ್ವಾಸಕೋಶಕ್ಕೆ ಮಾಡುವ ದ್ರೋಹ.

ಏಣಿಯ ವಿಷಯ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಎಷ್ಟು ಕಾರ್ಮಿಕರು ಸತ್ತಿದ್ದಾರೆ! ಮಾಡಿಗೆ ಒರಗಿಸುವುದೂ ಅದೇ ಏಣಿ, ಮನೆಗೆ ಬರುವ ಸರ್ವಿಸ್ ತಂತಿ ಹಾದಿರುವುದೂ ಅದೇ ಮಾಡಿನ ಅಂಚಿನಲ್ಲಿ.

ಬಿದ್ದ ಮೇಲಿನ ಮಾತೂ ಇದೆ. ಮ್ಯಾಂಚೆಸ್ಟರಿನಲ್ಲಿ ಬಿದ್ದವನಿಗೆ ದೊಡ್ಡ ಆಸ್ಪತ್ರೆ ಹತ್ತಿರ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಜನ ದನಿಯೆತ್ತಿದ್ದು ಸುಮ್ಮನೆ ಅಲ್ಲ. ತಲೆಗೋ ಬೆನ್ನುಮೂಳೆಗೋ ಏಟಾದವನನ್ನು ಆಟಿಯ (ಆಷಾಢದ) ಮಳೆಯಲ್ಲಿ ಅಷ್ಟು ದೂರ ಸಾಗಿಸುವುದನ್ನು ನೆನೆದರೇ ಎದೆ ನಡುಗುತ್ತದೆ.

ಮಳೆಗಾಲದಲ್ಲಿ ಸೋರಿದರೆ ಕೆಳಗೆ ಪಾತ್ರೆ ಇಡಿ, ಅಕ್ಕಿಮೂಟೆ ಸರಿಸಿ, ಹನಿ ಬೀಳುವಲ್ಲಿ ಗುರುತು ಮಾಡಿ. ರಿಪೇರಿ ಮಾರ್ಚ್, ಏಪ್ರಿಲ್‌ಗೆ. ಹೆಂಚಿನ ಕೆಲಸ ಬಲ್ಲವರು ಸಿಗುವುದಿಲ್ಲ ಎನ್ನುವುದು ನಿಜ, ಅದಕ್ಕೇ ಕಾಫಿ ಕೊಯ್ಲು ಮುಗಿಯುವಷ್ಟರಲ್ಲೇ ಹೇಳಿಡಬೇಕು. ಮನೆಯವರು ಹತ್ತಬಾರದ ಮಾಡಿಗೆ ಹಗ್ಗವಿಲ್ಲದೆ ಕೂಲಿಯವನನ್ನೂ ಹತ್ತಿಸಬಾರದು. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟಿಲ್ಲರ್ ಬಾಡಿಗೆಗೆ ಸಿಗುತ್ತದೆ. ಕೊಕ್ಕೆ ಏಣಿ, ಸೊಂಟಪಟ್ಟಿ, ಹಗ್ಗ, ಶೀಟಿನ ಮೇಲೆ ಹಾಸುವ ಉದ್ದನೆಯ ಹಲಗೆ, ಇಷ್ಟನ್ನು ನಮ್ಮ ಸಹಕಾರ ಸಂಘಗಳೂ ಹಾಗೆಯೇ ಬಾಡಿಗೆಗೆ ಇಡಬಹುದು. ಮುಂದಿನ ಮಹಾಸಭೆಯಲ್ಲಿ ಯಾರಾದರೂ ಸದಸ್ಯರು ಇದನ್ನು ಕೇಳಲಿ.